ಟಿ.ವಿ. ಚರ್ಚೆಗೆ ನಮ್ಮ ಮಕ್ಕಳನ್ನು ಸಿದ್ಧಗೊಳಿಸುವ ಮೊದಲು

2022ರ ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಹಿಜಾಬ್ ಧರಿಸಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನನ್ನು ಹಿಂಬಾಲಿಸಿ ಘೋಷಣೆ ಕೂಗುತ್ತಿದ್ದ ಗುಂಪಿಗೆ ಅಲ್ಲಾಹನ ಹೆಸರೆತ್ತಿ ಉತ್ತರ ಕೊಟ್ಟಳು. ಆ ದೃಶ್ಯದ ಅವಧಿ ಕೆಲವೇ ಕ್ಷಣಗಳದ್ದು. ಅದರ ಮೇಲೆ ಕನ್ನಡದ ಸುದ್ದಿ ವಾಹಿನಿಗಳಲ್ಲಿ ನಡೆದ ಚರ್ಚೆಗಳಾದರೋ ವಾರಗಟ್ಟಲೆ ನಡೆದವು. ಆ ವಾರಗಳಲ್ಲಿ ನಮ್ಮ ಮನೆಗಳಲ್ಲಿ, ಮಸೀದಿಯ ಜಗಲಿಯಲ್ಲಿ, ಕಿರುಗಾವಲಿನ ಸಂತೆಯಲ್ಲಿ ಪದೇ ಪದೇ ಕೇಳಿಬಂದ ಮಾತು ಒಂದೇ: "ನಮ್ಮವರಲ್ಲಿ ಒಬ್ಬರಿಗೂ ಸರಿಯಾಗಿ ಮಾತಾಡಲು ಬರುವುದಿಲ್ಲವಲ್ಲ!" ಅಂದಿನಿಂದ ಇಂದಿನವರೆಗೆ ಸಮುದಾಯದ ಸಭೆಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ಮೇಲೇಳುತ್ತಿದೆ. ವಿದ್ಯಾವಂತ ಯುವಕರನ್ನು ಆರಿಸಿ, ಟಿ.ವಿ.ಯಲ್ಲಿ ರಾಜಕೀಯ ವಿಶ್ಲೇಷಣೆ ಮಾಡಲು ಅವರಿಗೆ ತರಬೇತಿ ಕೊಡಬೇಕು ಎಂಬುದೇ ಆ ಸಲಹೆ.

ಈ ಸಲಹೆಯನ್ನು ನಾನು ಒಪ್ಪುತ್ತೇನೆ. ಆದರೆ ತರಬೇತಿ ಎಂದರೆ ಏನು ಎಂಬಲ್ಲಿ ನನ್ನ ತಕರಾರಿದೆ. ಗಟ್ಟಿ ದನಿ, ಚುರುಕು ನಾಲಿಗೆ, ನಿರೂಪಕನ ಮಾತನ್ನು ಕತ್ತರಿಸುವ ಕಲೆ ಇಷ್ಟನ್ನೇ ಕಲಿಸುವುದಾದರೆ ಅದಕ್ಕೆ ಶಿಬಿರ ಬೇಕಾಗಿಲ್ಲ. ಸಂತೆಯ ದಿನ ದನದ ದಲ್ಲಾಳಿಗಳ ಪಕ್ಕದಲ್ಲಿ ನಿಂತರೆ ಸಾಕು.

ಮೊದಲಿಗೆ ಎದುರುವಾದವನ್ನು ನೋಡೋಣ. ಹೋಗಲೇಬಾರದು ಎನ್ನುವವರು ನಮ್ಮಲ್ಲಿ ಹಲವರಿದ್ದಾರೆ. ಅವರ ಮಾತಿಗೆ ಬಲವಾದ ಆಧಾರವೂ ಇದೆ. 2022ರ ಮೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ವಾಹಿನಿಯೊಂದರ ಚರ್ಚೆಯಲ್ಲೇ ಪ್ರವಾದಿಯವರ(ಸ) ಕುರಿತು ಅವಹೇಳನದ ಮಾತು ಬಂದು ದೇಶವೇ ಕುದಿಯಿತು. ಮರುತಿಂಗಳು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯು, ಇಸ್ಲಾಮನ್ನೂ ಮುಸ್ಲಿಮರನ್ನೂ ಅಣಕಿಸುವುದನ್ನೇ ಗುರಿಯಾಗಿಸಿಕೊಂಡ ವಾಹಿನಿಗಳ ಚರ್ಚೆಗಳಿಗೆ ಹೋಗಬೇಡಿರೆಂದು ಉಲಮಾಗಳಿಗೂ ಚಿಂತಕರಿಗೂ ಮನವಿ ಮಾಡಿತು. ಅದಕ್ಕೂ ನಾಲ್ಕು ವರ್ಷ ಹಿಂದೆ, 2018ರ ಜುಲೈನಲ್ಲಿ, ತ್ರಿವಳಿ ತಲಾಖ್ ಕುರಿತು ಹಿಂದಿ ವಾಹಿನಿಯೊಂದು ನಡೆಸಿದ ನೇರ ಪ್ರಸಾರದಲ್ಲಿ ಧರ್ಮಗುರುವೊಬ್ಬರಿಗೂ ಮಹಿಳಾ ವಕೀಲರೊಬ್ಬರಿಗೂ ಹೊಡೆದಾಟವೇ ನಡೆದು ಪೊಲೀಸರು ಬರಬೇಕಾಯಿತು. ಆ ದೃಶ್ಯ ಎಷ್ಟು ವರ್ಷ ಮೊಬೈಲುಗಳಲ್ಲಿ ಓಡಾಡಿತೆಂಬುದು ನಮಗೆಲ್ಲ ಗೊತ್ತು. ಒಂದು ಗಡ್ಡ, ಒಂದು ಟೋಪಿ, ಒಂದು ಏಟು: ವಾಹಿನಿಗೆ ಬೇಕಾದುದಷ್ಟೂ ಸಿಕ್ಕಿತು.

ಬಹಿಷ್ಕಾರ ಸರಿಯೇ, ಆದರೆ ಎಲ್ಲ ಕಡೆಯೂ ಅಲ್ಲ. ಖಾಲಿ ಬಿಟ್ಟ ಕುರ್ಚಿ ಖಾಲಿಯಾಗಿ ಉಳಿಯುವುದಿಲ್ಲ ಎಂಬುದನ್ನು ಕಳೆದ ವರ್ಷಗಳು ತೋರಿಸಿವೆ. ಹೊಣೆಯುಳ್ಳವರು ಒಲ್ಲೆನೆಂದ ಕೂಡಲೇ ಯಾವ ಜಮಾಅತಿಗೂ ಸೇರದ, ಯಾವ ಕಿತಾಬನ್ನೂ ಓದದ ಒಬ್ಬರು ಬಂದು ಕೂರುತ್ತಾರೆ. ಅವರ ಹೆಸರಿನ ಕೆಳಗೆ 'ಮುಸ್ಲಿಂ ಮುಖಂಡ' ಎಂಬ ಪಟ್ಟಿ ಮೂಡುತ್ತದೆ. ಯಾವ ಮಹಲ್ಲಾದವರು ಅವರನ್ನು ಮುಖಂಡರನ್ನಾಗಿ ಆರಿಸಿದರು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಯಾರು ಹೋಗಬೇಕು, ಏನನ್ನು ಕಲಿತು ಹೋಗಬೇಕು?

ಮದ್ರಸಾಗಳಲ್ಲಿ ಓದಿದವರಿಗೆ 'ಮುನಾಝರಾ' ಎಂಬ ಶಾಸ್ತ್ರ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ ಲಖನೌದ ಫರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನರ ಹೆಸರಿನಲ್ಲಿ ರೂಪುಗೊಂಡ ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿ ವಾದದ ಶಿಷ್ಟಾಚಾರವೇ ಒಂದು ಪ್ರತ್ಯೇಕ ವಿಷಯ. ಅದರ ಮೊದಲ ಪಾಠದಲ್ಲೇ ಮೂರು ಪದಗಳನ್ನು ಬೇರ್ಪಡಿಸಿ ಹೇಳಿಕೊಡಲಾಗುತ್ತದೆ. ಸತ್ಯ ಹೊರಬರಲಿ ಎಂದು ಇಬ್ಬರೂ ಕೂಡಿ ವಿಚಾರ ಮಾಡುವುದು ಮುನಾಝರಾ. ಸತ್ಯದ ಗೊಡವೆಯಿಲ್ಲದೆ ಎದುರಾಳಿಯ ಬಾಯಿ ಮುಚ್ಚಿಸಲು ಹೊರಡುವುದು ಮುಜಾದಲಾ. ಸತ್ಯವನ್ನೂ ಬಯಸದೆ, ಎದುರಾಳಿಯನ್ನು ವಾದದಲ್ಲಿ ಕಟ್ಟಿಹಾಕಲೂ ಯತ್ನಿಸದೆ, ಬರೇ ತನ್ನ ದೊಡ್ಡಸ್ತಿಕೆಗಾಗಿ ಜಗ್ಗಾಡುವುದು ಮುಕಾಬರಾ. ಈ ಮೂರನೆಯದಕ್ಕೆ ಉದಾಹರಣೆ ಹುಡುಕಲು ಹಿಂದೆ ಉಸ್ತಾದರು ಕಷ್ಟಪಡುತ್ತಿದ್ದರು. ಈಗ ರಾತ್ರಿ ಒಂಬತ್ತಕ್ಕೆ ಟಿ.ವಿ. ಹಾಕಿದರಾಯಿತು.

ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ' ಗ್ರಂಥದ ಜ್ಞಾನದ ಅಧ್ಯಾಯದಲ್ಲಿ ವಾದಕ್ಕೆ ಇಳಿಯುವವನಿಗೆ ಷರತ್ತುಗಳನ್ನು ವಿಧಿಸಿದ್ದಾರೆ. ಕಳೆದುಹೋದ ಪಶುವನ್ನು ಹುಡುಕುವವನು ಅದು ತನಗೇ ಸಿಗಲಿ, ನೆರೆಯವನಿಗೇ ಸಿಗಲಿ, ಸಂತೋಷಪಡುತ್ತಾನಲ್ಲವೇ? ಸತ್ಯವನ್ನು ಹುಡುಕುವವನ ಮನಸ್ಸೂ ಹಾಗಿರಬೇಕು ಎಂಬುದು ಅವುಗಳಲ್ಲೊಂದು. ದೊಡ್ಡವರ ಸಭೆಯಲ್ಲಿ, ಜನಜಂಗುಳಿಯ ಮುಂದೆ ವಾದಿಸುವುದಕ್ಕಿಂತ ಏಕಾಂತದಲ್ಲಿ ವಾದಿಸುವುದು ಅವನಿಗೆ ಹೆಚ್ಚು ಇಷ್ಟವಾಗಿರಬೇಕು ಎಂಬುದು ಇನ್ನೊಂದು. ಈ ಎರಡನೆಯ ಷರತ್ತನ್ನು ಅಕ್ಷರಶಃ ಹಿಡಿದರೆ ಟಿ.ವಿ. ಚರ್ಚೆಯ ಬಾಗಿಲೇ ಮುಚ್ಚುತ್ತದೆ. ನಾನು ಅದನ್ನು ಆಯ್ಕೆಯ ಸೂತ್ರವಾಗಿ ಓದುತ್ತೇನೆ. ಕ್ಯಾಮೆರಾ ಎಂದರೆ ಆಸೆಪಡುವವನನ್ನು ಬಿಟ್ಟು, ಕರೆದರೆ ಹಿಂಜರಿಯುವವನನ್ನು ಆರಿಸಿರಿ. ತರಬೇತಿಗೆ ತಾನಾಗಿ ಹೆಸರು ಕೊಟ್ಟವರ ಪಟ್ಟಿಯ ಜೊತೆಗೆ, ಹೆಸರು ಕೊಡದ ನಾಲ್ವರ ಮನೆಗೂ ಹೋಗಿ ಕೇಳಬೇಕು.

ಸಮುದಾಯದ ಪರವಾಗಿ ಮಾತಾಡುವವರನ್ನು ಆರಿಸುವುದು ನಮ್ಮ ಪರಂಪರೆಯಲ್ಲಿ ಎಂದೂ ಸಣ್ಣ ಕೆಲಸವಾಗಿರಲಿಲ್ಲ. ಮೂಸಾ(ಅ) ಫಿರ್‌ಔನನ ಬಳಿಗೆ ಹೋಗುವ ಮುನ್ನ ತಮ್ಮ ನಾಲಿಗೆಯ ಗಂಟು ಸಡಿಲವಾಗಲೆಂದು ಪ್ರಾರ್ಥಿಸಿದರು. ತಮಗಿಂತ ಚೆನ್ನಾಗಿ ಮಾತಾಡಬಲ್ಲ ಸಹೋದರ ಹಾರೂನ್(ಅ) ಜೊತೆಗಿರಲಿ ಎಂದು ಬೇಡಿದರು. ಬನೂ ತಮೀಮ್ ಗೋತ್ರದವರು ತಮ್ಮ ವಾಗ್ಮಿಯನ್ನೂ ಕವಿಯನ್ನೂ ಕರೆದುಕೊಂಡು ಮದೀನಾಕ್ಕೆ ಬಂದಾಗ, ಪ್ರವಾದಿ(ಸ) ಭಾಷಣಕ್ಕೆ ಸಾಬಿತ್ ಬಿನ್ ಕೈಸ್‌ರನ್ನೂ(ರ) ಕವಿತೆಗೆ ಹಸ್ಸಾನ್ ಬಿನ್ ಸಾಬಿತ್‌ರನ್ನೂ(ರ) ಮುಂದೆ ನಿಲ್ಲಿಸಿದರು. ಒಬ್ಬೊಬ್ಬರಿಗೆ ಒಂದೊಂದು ಕೆಲಸ.

ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸುವುದು ಅಬಿಸೀನಿಯಾದ ದರ್ಬಾರಿನ ಪ್ರಸಂಗ. ಮಕ್ಕಾದಿಂದ ವಲಸೆ ಹೋದವರನ್ನು ಮರಳಿ ಒಯ್ಯಲು ಕುರೈಶರು ಉಡುಗೊರೆಗಳೊಂದಿಗೆ ಇಬ್ಬರು ದೂತರನ್ನು ನಜಾಶಿ ದೊರೆಯ ಬಳಿಗೆ ಕಳುಹಿಸಿದ್ದರು. ಆಸ್ಥಾನದವರಿಗೆ ಉಡುಗೊರೆಗಳು ಮೊದಲೇ ತಲುಪಿದ್ದವು. ಅಂದರೆ ಚರ್ಚೆಯ ಅಂಗಣ ನ್ಯಾಯವಾದುದಾಗಿರಲಿಲ್ಲ. ವಲಸಿಗರು ಮೊದಲು ತಮ್ಮೊಳಗೆ ಕೂಡಿ ಸಮಾಲೋಚಿಸಿದರು. ಏನೇ ಆಗಲಿ, ತಮಗೆ ತಿಳಿದಿರುವುದನ್ನೂ ಪ್ರವಾದಿ(ಸ) ಕಲಿಸಿದ್ದನ್ನೂ ಮಾತ್ರ ಹೇಳುವುದೆಂದು ನಿರ್ಧರಿಸಿದರು. ಜಅ್‌ಫರ್(ರ) ಎಲ್ಲರ ಪರವಾಗಿ ಮಾತಾಡಿದರು. ಅವರು ಎದುರಾಳಿಗಳನ್ನು ಬೈಯಲಿಲ್ಲ. ತಾವು ಹಿಂದೆ ಹೇಗಿದ್ದೆವು, ಪ್ರವಾದಿ(ಸ) ಬಂದು ಏನನ್ನು ಕಲಿಸಿದರು, ಅದಕ್ಕಾಗಿ ತಮಗೆ ಏನಾಯಿತು ಎಂದು ಕ್ರಮವಾಗಿ ಹೇಳಿದರು. ಓದಿ ಹೇಳೆಂದು ದೊರೆ ಕೇಳಿದಾಗ, ಕ್ರೈಸ್ತನಾದ ಆ ದೊರೆಗೆ ತಲುಪಬಲ್ಲ ಮರ್ಯಮ್ ಅಧ್ಯಾಯವನ್ನು ಆರಿಸಿಕೊಂಡರು. ಕೇಳುವವನು ಯಾರೆಂಬುದನ್ನು ತಿಳಿದು ಮಾತನ್ನು ಆರಿಸುವ ವಿವೇಕ ಅದು. ನಮ್ಮವರು ಟಿ.ವಿ.ಯಲ್ಲಿ ಅರಬಿಯ ಆಯತ್ತುಗಳನ್ನು ಒಂದರ ಮೇಲೊಂದು ಓದುವಾಗ ಈ ಪ್ರಸಂಗವನ್ನು ನೆನಪಿಸಿಕೊಳ್ಳುವುದು ಒಳಿತು. ಅಂದಹಾಗೆ, ಈ ಇಡೀ ಘಟನೆ ಇಷ್ಟು ವಿವರವಾಗಿ ನಮಗೆ ತಲುಪಿದ್ದು ಆಗ ಅಲ್ಲಿದ್ದ ಉಮ್ಮು ಸಲಮಾ(ರ) ಅವರ ವರದಿಯಿಂದ. ತರಬೇತಿ ಗಂಡುಮಕ್ಕಳಿಗೆ ಮಾತ್ರ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಹಿಜಾಬಿನ ಚರ್ಚೆಗೆ ನಾಲ್ವರು ಗಂಡಸರು ಹೋಗಿ ಕೂರುವುದು ನೋಡಲಿಕ್ಕೇ ವಿಚಿತ್ರ.

ಇನ್ನು ಚರ್ಚೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕು. ಗಂಟೆಗೆ ಹನ್ನೆರಡು ನಿಮಿಷದವರೆಗೆ ಜಾಹೀರಾತಿಗೆ ನಿಯಮವೇ ಅವಕಾಶ ಕೊಡುತ್ತದೆ. ಉಳಿದ 48 ನಿಮಿಷದಲ್ಲಿ ನಿರೂಪಕರ ಮಾತಿಗೂ ಮತ್ತೆ ಮತ್ತೆ ತೋರಿಸುವ ದೃಶ್ಯಗಳಿಗೂ ಅರ್ಧ ಹೋದರೆ, ಆರು ಮಂದಿ ಅತಿಥಿಗಳಿಗೆ ತಲಾ ನಾಲ್ಕು ನಿಮಿಷ. ಅದೂ ತುಂಡು ತುಂಡಾಗಿ. ಜುಮಾದಲ್ಲಿ ಅರ್ಧ ಗಂಟೆ ಬಯಾನ್ ಮಾಡಿ ಅಭ್ಯಾಸವಾದವರು ಇಲ್ಲಿ ಪೀಠಿಕೆ ಮುಗಿಸುವಷ್ಟರಲ್ಲಿ ಮಾತು ಬೇರೆಯವರ ಪಾಲಾಗಿರುತ್ತದೆ. ಎರಡು ವಾಕ್ಯದಲ್ಲಿ ಉತ್ತರಿಸುವುದನ್ನು ಕಲಿಯಬೇಕು. ಆ ಎರಡು ವಾಕ್ಯದ ಹಿಂದೆ ಇಪ್ಪತ್ತು ಪುಟದ ಓದು ಇರಬೇಕು.

ಒಂದು ಉದಾಹರಣೆ ಕೊಡುತ್ತೇನೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ಮುಸ್ಲಿಮರ 2ಬಿ ವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು ತೀರ್ಮಾನಿಸಿತು. ಅಂದು ಎಲ್ಲ ವಾಹಿನಿಗಳಲ್ಲೂ ಕೇಳಿದ ಪ್ರಶ್ನೆ: "ಧರ್ಮದ ಆಧಾರದಲ್ಲಿ ಮೀಸಲಾತಿ ಕೊಡುವುದು ಸಂವಿಧಾನಬಾಹಿರವಲ್ಲವೇ?" ಇದಕ್ಕೆ "ನೀವು ಮುಸ್ಲಿಂ ದ್ವೇಷಿಗಳು" ಎಂದು ಉತ್ತರಿಸುವುದು ಸುಲಭ. ತರಬೇತಾದವರ ಉತ್ತರ ಹೀಗಿರಬೇಕು: "ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಕಾಲದಿಂದಲೇ ಮುಸ್ಲಿಮರನ್ನು ಹಿಂದುಳಿದವರೆಂದು ಲೆಕ್ಕ ಹಾಕಲಾಗಿದೆ. 1990ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗವೂ ಹಾಗೆಯೇ ಹೇಳಿತು, 1995ರಲ್ಲಿ ದೇವೇಗೌಡರ ಸರ್ಕಾರ ಶೇ. 4 ಕೊಟ್ಟದ್ದು ಹಿಂದುಳಿದಿರುವಿಕೆಯ ಆಧಾರದಲ್ಲಿ." ಇಷ್ಟಕ್ಕೇ ನಿಲ್ಲಬಾರದು. ಎದುರು ಕುಳಿತವರು 2024ರ ಮೇ ತಿಂಗಳಲ್ಲಿ ಕಲ್ಕತ್ತಾ ಹೈಕೋರ್ಟು ಪಶ್ಚಿಮ ಬಂಗಾಳದ 77 ವರ್ಗಗಳ ಒಬಿಸಿ ಸ್ಥಾನ ರದ್ದುಪಡಿಸಿದ್ದನ್ನು ಎತ್ತಬಹುದು. ಆ ವರ್ಗಗಳಲ್ಲಿ ಬಹುಪಾಲು ಮುಸ್ಲಿಮರದ್ದೇ. ಅಲ್ಲಿಗೂ ಇಲ್ಲಿಗೂ ಆಯೋಗದ ವರದಿಗಳಲ್ಲಿ ವ್ಯತ್ಯಾಸವೇನು ಎಂಬುದು ಗೊತ್ತಿಲ್ಲದವನು ಆ ದಿನ ಹೋಗದಿರುವುದೇ ಲೇಸು. ಹಿಜಾಬಿನ ತೀರ್ಪಿನ ವಿಷಯವೂ ಅಷ್ಟೇ. 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪನ್ನು ಓದದೆ, ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಯಾವ ಅಂಶದಲ್ಲಿ ಭಿನ್ನರಾದರೆಂದು ತಿಳಿಯದೆ ಅದರ ಬಗ್ಗೆ ಮಾತಾಡಲು ಯಾರಿಗೂ ಹಕ್ಕಿಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸಿ ನೋಡಿರೆಂದು ಹುಜುರಾತ್ ಅಧ್ಯಾಯ ವಿಶ್ವಾಸಿಗಳಿಗೆ ಆಜ್ಞಾಪಿಸಿದೆ. ವಾಟ್ಸ್‌ಆ್ಯಪಿನಲ್ಲಿ ಬಂದ ಅಂಕಿ ಅಂಶವನ್ನು ಹಿಡಿದು ವಾದಕ್ಕೆ ಹೋಗುವವರಿಗೂ ಆ ಆಜ್ಞೆ ಅನ್ವಯಿಸುತ್ತದೆ.

ದಾಖಲೆಯ ಬಲ ಏನೆಂಬುದನ್ನು ಮಂಡ್ಯದವರಾದ ನಾವು ಕಣ್ಣಾರೆ ಕಂಡಿದ್ದೇವೆ. 2023ರ ವಿಧಾನಸಭಾ ಚುನಾವಣೆಯ ಮುಂಚೆ ಟಿಪ್ಪು ಸುಲ್ತಾನರನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಒಕ್ಕಲಿಗರು ಎಂಬ ಕಥೆ ಹಬ್ಬಿತು. ಮಂಡ್ಯದಲ್ಲಿ ಅವರ ಹೆಸರಿನ ಸ್ವಾಗತ ಕಮಾನೂ ಎದ್ದಿತು, ಸಿನಿಮಾದ ಹೆಸರೂ ನೋಂದಣಿಯಾಯಿತು. ವಾಹಿನಿಗಳಲ್ಲಿ ಗದ್ದಲವೋ ಗದ್ದಲ. ಕೊನೆಗೆ ಅದು ತಣ್ಣಗಾದದ್ದು ಯಾವ ಮುಸ್ಲಿಂ ಮುಖಂಡರ ಕೂಗಾಟದಿಂದಲೂ ಅಲ್ಲ. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ದಾಖಲೆಯಿಲ್ಲದೆ ಜನರಲ್ಲಿ ಗೊಂದಲ ಹುಟ್ಟಿಸುವುದು ಬೇಡವೆಂದರು, ಚಿತ್ರ ಅಲ್ಲಿಗೇ ನಿಂತಿತು. ಶಾಂತವಾಗಿ, ಒಂದೇ ಮಾತು. ಟಿಪ್ಪು ಹುತಾತ್ಮರಾದ 1799ರ ಮೇ 4ಕ್ಕೆ ಐದೂವರೆ ವಾರ ಮುಂಚೆ, ಮಾರ್ಚ್ 27ರಂದು, ಜನರಲ್ ಹ್ಯಾರಿಸ್‌ನ ಸೈನ್ಯದೊಂದಿಗೆ ಅವರು ಕಾದಾಡಿದ್ದು ನಮ್ಮ ಮಳವಳ್ಳಿಯ ಬಯಲಿನಲ್ಲಿ. ಕಿರುಗಾವಲಿನ ಎಷ್ಟು ಮಕ್ಕಳಿಗೆ ಈ ದಿನಾಂಕ ಗೊತ್ತಿದೆ? ಟಿಪ್ಪುವಿನ ಹೆಸರಿನಲ್ಲಿ ಘೋಷಣೆ ಕೂಗಲು ಬರುವಷ್ಟು ಟಿಪ್ಪುವಿನ ಇತಿಹಾಸ ಹೇಳಲು ಬರುತ್ತದೆಯೇ?

ಇಲ್ಲಿ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮವರನ್ನು ಕರೆಯುವುದು ತಲಾಖ್, ಹಿಜಾಬ್, ಆಝಾನ್, ವಕ್ಫ್, ಭಯೋತ್ಪಾದನೆ ಇಷ್ಟಕ್ಕೇ. ನಾವೂ ಇಷ್ಟಕ್ಕೇ ಸಿದ್ಧರಾಗಲು ಹೊರಟಿದ್ದೇವೆ. ಕಾವೇರಿಯ ನೀರು ಬಿಡುವ ದಿನ ಮಂಡ್ಯದ ರೈತ ಬೀದಿಗಿಳಿದರೆ, ಆ ರೈತರಲ್ಲಿ ಮುಸ್ಲಿಮನೂ ಇದ್ದಾನಲ್ಲವೇ? 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192 ಟಿಎಂಸಿಯಿಂದ 177.25 ಟಿಎಂಸಿಗೆ ಇಳಿಯಿತು, ಕರ್ನಾಟಕದ ಪಾಲು 284.75 ಆಯಿತು. ಈ ಲೆಕ್ಕವನ್ನು ಬಾಯಲ್ಲಿಟ್ಟುಕೊಂಡು, ಕೆಆರ್‌ಎಸ್‌ನ 124.80 ಅಡಿಯಲ್ಲಿ ಇಂದಿನ ಮಟ್ಟ ಎಷ್ಟೆಂದು ಹೇಳಿ, ಭತ್ತದ ಒಟ್ಟಲಿಗೆ ಯಾವ ತಿಂಗಳು ನೀರು ಬೇಕೆಂದು ವಿವರಿಸುವ ಒಬ್ಬ ಹುಡುಗ ನಮ್ಮೂರಿನಿಂದ ಟಿ.ವಿ.ಯಲ್ಲಿ ಕಾಣಿಸಿಕೊಂಡರೆ, ನೋಡುವವರಿಗೆ ಅವನ ಹೆಸರು ಮರೆತು ವಿಷಯ ನೆನಪಿರುತ್ತದೆ. ನಮ್ಮೂರಿನ ಸೈಯದ್ ಘನಿ ಖಾನ್‌ರನ್ನೇ ನೋಡಿ. ನೂರಕ್ಕೂ ಹೆಚ್ಚು ಮಾವಿನ ತಳಿಗಳಿರುವ 'ಬಡಾ ಬಾಗ್' ತೋಟವನ್ನೂ ನೂರಾರು ದೇಸಿ ಭತ್ತದ ತಳಿಗಳನ್ನೂ ಕಾಪಾಡಿಕೊಂಡು ಬಂದವರು. ಅವರ ಬಳಿಗೆ ಹೋಗುವವರು ಭತ್ತದ ಬಗ್ಗೆ ಕೇಳುತ್ತಾರೆ. ಆ ಮಾತಿಗೆ ತೂಕ ಬಂದದ್ದು ಗದ್ದೆಯಲ್ಲಿ ಕಳೆದ ವರ್ಷಗಳಿಂದ. ಆದುದರಿಂದ ತರಬೇತಿಗೆ ಬರುವ ಪ್ರತಿಯೊಬ್ಬರೂ ಧರ್ಮಕ್ಕೆ ನೇರ ಸಂಬಂಧವಿಲ್ಲದ ಒಂದು ವಿಷಯವನ್ನು ತನ್ನದಾಗಿ ಆರಿಸಿಕೊಳ್ಳಬೇಕು: ನೀರಾವರಿ, ಕಬ್ಬಿನ ಬೆಲೆ, ರೇಷ್ಮೆ ಮಾರುಕಟ್ಟೆ, ಪಂಚಾಯತಿ ಬಜೆಟ್, ಸರ್ಕಾರಿ ಶಾಲೆ. ಪರದೆಯ ಕೆಳಗಿನ ಪಟ್ಟಿಯಲ್ಲಿ 'ಮುಸ್ಲಿಂ ಮುಖಂಡ' ಎಂದು ಹಾಕುವುದಾದರೆ ಬರುವುದಿಲ್ಲ, 'ರೈತ' ಎಂದೋ 'ವಕೀಲ' ಎಂದೋ ಹಾಕಿ ಎಂದು ಹೇಳುವುದನ್ನೂ ಕಲಿಯಬೇಕು.

ವಿಶ್ಲೇಷಕ ಬೇರೆ, ವಕ್ತಾರ ಬೇರೆ. ಪಕ್ಷದ ವಕ್ತಾರರನ್ನು ಪಕ್ಷಗಳೇ ತಯಾರು ಮಾಡಿಕೊಳ್ಳುತ್ತವೆ. ಮುಂಬೈ ಬಳಿಯ ರಾಂಭಾವು ಮ್ಹಾಳ್ಗಿ ಪ್ರಬೋಧಿನಿ 1982ರಿಂದ ರಾಜಕೀಯ ಕಾರ್ಯಕರ್ತರಿಗೆ ತರಬೇತಿ ಕೊಡುತ್ತಿದೆ. ನಮಗೆ ಬೇಕಿರುವುದು ಮೊದಲನೆಯ ಬಗೆ. ಅಂಥವನಿಗೆ ತನ್ನವರ ತಪ್ಪನ್ನೂ ತಪ್ಪೆನ್ನುವ ಎದೆ ಬೇಕು. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರಿ, ಅದು ನಿಮಗೇ ವಿರುದ್ಧವಾದರೂ ಸರಿ ಎಂಬುದು ನಿಸಾ ಅಧ್ಯಾಯದ ಬೋಧನೆ. 2024ರ ಅಕ್ಟೋಬರ್‌ನಲ್ಲಿ ವಿಜಯಪುರದ ರೈತರ ಜಮೀನಿನ ಮೇಲೆ ವಕ್ಫ್ ನೋಟಿಸು ಎಂಬ ಸುದ್ದಿ ಎದ್ದಾಗ ನಮ್ಮವರು ಬರೇ ರಕ್ಷಣೆಗೆ ನಿಂತರು. ಸರ್ಕಾರ ನೋಟಿಸುಗಳನ್ನು ಹಿಂಪಡೆಯಿತು. ಗೆಜೆಟ್ಟಿನಲ್ಲಿ ಆದ ಗೊಂದಲವೇನು, ರೈತನ ಆತಂಕ ಎಷ್ಟು ನಿಜ ಎಂದು ಬಿಡಿಸಿ ಹೇಳುವುದರ ಜೊತೆಗೆ, 2012ರಲ್ಲಿ ಅನ್ವರ್ ಮಾಣಿಪ್ಪಾಡಿಯವರ ವರದಿ ವಕ್ಫ್ ಆಸ್ತಿಗಳ ಕಬಳಿಕೆಯ ಬಗ್ಗೆ ಮಾಡಿದ ಆರೋಪಗಳಿಗೆ ನಮ್ಮ ಉತ್ತರವೇನು ಎಂದೂ ಹೇಳಬಲ್ಲವನು ಅಂದು ಬೇಕಿತ್ತು. ಅನಾಥರ, ವಿಧವೆಯರ ಪಾಲನ್ನು ತಿಂದವರು ಯಾರೇ ಆಗಲಿ, ಅವರ ಪರವಾಗಿ ಸಮುದಾಯ ಏಕೆ ಬೆವರು ಸುರಿಸಬೇಕು?

ಇದೇ ಕಾರಣಕ್ಕೆ ಪೇಶ್ ಇಮಾಮರನ್ನು ರಾಜಕೀಯ ಚರ್ಚೆಗೆ ಕಳುಹಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅವರ ಹಿಂದೆ ಎಲ್ಲ ಪಕ್ಷದವರೂ ನಮಾಝಿಗೆ ನಿಲ್ಲುತ್ತಾರೆ. ಫಿಕ್ಹಿನ ಪ್ರಶ್ನೆ ಬಂದರೆ ಹಿರಿಯ ಆಲಿಮರು ಬರೆದುಕೊಡಲಿ, ಹೇಳುವವರು ಬೇರೆಯವರಿರಲಿ.

ಭಾಷೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಅದು ಚಿಕ್ಕದೆಂದಲ್ಲ. ಯಹೂದಿಗಳೊಂದಿಗಿನ ಪತ್ರವ್ಯವಹಾರಕ್ಕಾಗಿ ಅವರ ಲಿಪಿಯನ್ನು ಕಲಿಯಲು ಪ್ರವಾದಿ(ಸ) ಹೇಳಿದಾಗ ಝೈದ್ ಬಿನ್ ಸಾಬಿತ್(ರ) ಅರ್ಧ ತಿಂಗಳಲ್ಲಿ ಕಲಿತರಂತೆ. ನಾವು ಶತಮಾನಗಳಿಂದ ಈ ನೆಲದಲ್ಲಿದ್ದೇವೆ. ಮನೆಯಲ್ಲಿ ದಖ್ಖನಿ, ಹೊಲದಲ್ಲಿ ಕನ್ನಡ. ಆದರೂ ಸಿನಿಮಾದ ಸಾಬಿ ಇಂದಿಗೂ 'ನಮ್ದುಕೆ ನಿಮ್ದುಕೆ' ಎನ್ನುತ್ತಲೇ ಇದ್ದಾನೆ, ಜನ ನಗುತ್ತಲೇ ಇದ್ದಾರೆ. ಜನಪದ ಗೀತೆಗಳ ಬೆನ್ನು ಹತ್ತಿ ನಾಡು ಸುತ್ತಿದ ಎಸ್.ಕೆ. ಕರೀಂಖಾನರ ಕನ್ನಡಕ್ಕೆ ಯಾರೂ ನಕ್ಕಿರಲಿಲ್ಲ. ನಿಸಾರ್ ಅಹಮದರ ಕವಿತೆಗೆ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ಕಥೆಗೆ ಇಡೀ ನಾಡು ತಲೆದೂಗಿದೆ. ಪುಸ್ತಕದ ಕನ್ನಡವನ್ನೇ ಮಾತಾಡಿ ಎಂದು ನಾನು ಹೇಳುತ್ತಿಲ್ಲ. ಮಂಡ್ಯದ ಮಾತಿಗೆ ನಾಡಿನಲ್ಲಿ ಇರುವ ಪ್ರೀತಿ ಬೇರೆ ಯಾವ ಸೀಮೆಯ ಮಾತಿಗೂ ಇಲ್ಲ. ಹಾಲು 'ಆಲು' ಆದರೆ ಆಗಲಿ. ವಾಕ್ಯ ಪೂರ್ತಿಯಾಗಬೇಕು, ಪದ ಸಿಗದೆ ತಡವರಿಸಬಾರದು. ದಿನವೂ ಇಶಾ ನಮಾಝಿನ ಬಳಿಕ ಪತ್ರಿಕೆಯ ಒಂದು ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ಒಂದೂವರೆ ನಿಮಿಷದಲ್ಲಿ ಹೇಳಿ, ಮರುದಿನ ಅದಕ್ಕೆ ವಿರುದ್ಧವಾದ ವಾದವನ್ನು ಅಷ್ಟೇ ಪ್ರಾಮಾಣಿಕವಾಗಿ ಮಂಡಿಸುವ ಅಭ್ಯಾಸವನ್ನು ಆರು ತಿಂಗಳು ಮಾಡಿದರೆ ಫಲ ಕಾಣುತ್ತದೆ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ.

ಪರದೆಯ ಮೇಲೆ ಬರದವರಿಗೂ ಇದರಲ್ಲಿ ಕೆಲಸವಿದೆ, ನನ್ನ ದೃಷ್ಟಿಯಲ್ಲಿ ಅದೇ ಮೊದಲ ಕೆಲಸ. ಕೊರೊನಾ ಕಾಲದಲ್ಲಿ ತಬ್ಲೀಗ್ ಜಮಾಅತಿನ ಹೆಸರಿನಲ್ಲಿ ಪ್ರಸಾರವಾದ ಕಾರ್ಯಕ್ರಮಗಳು ನಮ್ಮವರ ತರಕಾರಿ ಗಾಡಿಗಳಿಗೂ ಬಾಗಿಲು ಮುಚ್ಚಿಸಿದ್ದವು. ನಮ್ಮಲ್ಲಿ ಹೆಚ್ಚಿನವರು ಶಪಿಸಿ ಸುಮ್ಮನಾದೆವು. ಬೆಂಗಳೂರಿನಲ್ಲಿ ದ್ವೇಷ ಭಾಷಣದ ವಿರುದ್ಧ ಕೆಲಸ ಮಾಡುವ ಒಂದು ಬಳಗ ಮಾತ್ರ ಆ ಕಾರ್ಯಕ್ರಮಗಳನ್ನು ಕುಳಿತು ನೋಡಿ, ಬರೆದುಕೊಂಡು, ಸುದ್ದಿ ವಾಹಿನಿಗಳ ಮಾನದಂಡ ಪ್ರಾಧಿಕಾರಕ್ಕೆ ದೂರು ಸಲ್ಲಿಸಿತು. 2021ರ ಜೂನ್‌ನಲ್ಲಿ ಆ ಪ್ರಾಧಿಕಾರ ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ ಐವತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಒಂದು ವರ್ಷ ತಡವಾಗಿ, ದೊಡ್ಡ ವಾಹಿನಿಗಳಿಗೆ ಚಿಕ್ಕ ಮೊತ್ತ, ನಿಜ. ಆದರೂ ಟಿ.ವಿ.ಯಲ್ಲಿ ಒಂದು ಮಾತೂ ಆಡದವರು ಅಲ್ಲಿ ಕೂಗಾಡಿದ ಎಲ್ಲರಿಗಿಂತ ಹೆಚ್ಚು ಸಾಧಿಸಿದರು. ಆ ದೂರಿನಲ್ಲಿದ್ದದ್ದು ದಿನಾಂಕ, ಸಮಯ, ನಿರೂಪಕರು ಆಡಿದ ಮಾತು, ಅದು ಮುರಿದ ನಿಯಮ. ಇಷ್ಟು ಬರೆಯಲು ಬರುವವನಿಗೆ ನಾಳೆ ಪರದೆಯ ಮೇಲೆ ಮಾತಾಡಲೂ ಬರುತ್ತದೆ. ದೂರನ್ನು ಕಾರ್ಯಕ್ರಮ ಮೊದಲು ಪ್ರಸಾರವಾದ ಏಳು ದಿನಗಳೊಳಗೆ ವಾಹಿನಿಗೇ ಕಳುಹಿಸಬೇಕು. ಉತ್ತರ ತೃಪ್ತಿ ಕೊಡದಿದ್ದರೆ ಅನಂತರ ಪ್ರಾಧಿಕಾರಕ್ಕೆ. ಕಿರುಗಾವಲಿನಲ್ಲಿ ಇದನ್ನು ಆರಂಭಿಸಲು ಬೇಕಾದುದು ಒಂದು ಟಿ.ವಿ., ಒಂದು ನೋಟ್‌ಬುಕ್, ಮತ್ತು ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ಇಬ್ಬರು ಹುಡುಗಿಯರೋ ಹುಡುಗರೋ.